ಎಡಕ್ಕೆಳೆಯುವ ಅಂಬಾಸಿಡರ್

“ಗಾಡಿಗೇನೂ ಆಗಿಲ್ಲ ಕಣಪ್ಪ. ಇವಳಿಗೆ ಬ್ರೇಕ್ ಇಡಿಯಕ್ಕೆ ಬರಲ್ಲ, ಅಷ್ಟೇ.”

ಹುಣಸಮಾರನಹಳ್ಳಿಯ ನಮ್ಮ ಗ್ಯಾರೇಜಿನ ಶೆಡ್ಡಿನೊಳಗೆ ಆ ಕೆನೆಬಣ್ಣದ ಅಂಬಾಸಿಡರ್ ಪೂರ್ತಿ ಬಂದು ನಿಲ್ಲುವ ಮೊದಲೇ ಯಜಮಾನರು ಎಡಗಡೆಯ ಕಿಟಕಿಯಿಂದ ತೀರ್ಪು ಕೊಟ್ಟಾಗಿತ್ತು. ಸ್ಟಿಯರಿಂಗ್ ಹಿಂದೆ ಕೂತಿದ್ದ ಮಗಳು ಇಂಜಿನ್ ಆಫ್ ಮಾಡಿದ್ದೇ ತಡ, ಅವರು ಕೈ ಚಾಚಿ ಕೀ ಎಳೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು.

ಯಜಮಾನರದು ಯಲಹಂಕದ ಪಕ್ಕದ ಸಿಂಗಾಪುರ ಎಂಬ ಹಳ್ಳಿಯ ಹಳೆಯ ಒಕ್ಕಲು ಮನೆತನ. ಹೊಲಗಳು ಬಡಾವಣೆಗಳಾಗಿ, ಅವರು ಕಟ್ಟಡಗಳ ಮಾಲೀಕರಾಗಿ ಬಹಳ ಕಾಲವಾಗಿತ್ತು. ಆದರೂ ದಿನಾ ಬೆಳಿಗ್ಗೆ ಈ ಕಾರಿನಲ್ಲಿ ಒಂದು ಸುತ್ತು ಹೋಗಿ, ಯಾವ ಅಪಾರ್ಟ್‌ಮೆಂಟಿನ ಅಡಿಯಲ್ಲಿ ತಮ್ಮ ಬಾವಿ ಇತ್ತು, ಯಾವ ಪಾರ್ಕಿನ ಜಾಗದಲ್ಲಿ ರಾಗಿ ಬೆಳೆಯುತ್ತಿತ್ತು ಎಂದು ನೋಡಿಕೊಂಡು ಬರದೆ ತಿಂಡಿ ಮುಟ್ಟುತ್ತಿರಲಿಲ್ಲ. ಕಾರು ತಂದದ್ದು ಅವರ ತಂದೆ. ತಂದೆಯ ನಂತರ ಸ್ಟಿಯರಿಂಗ್ ಹಿಡಿದವರು ಇವರೊಬ್ಬರೇ. ಈಚೆಗೆ ಕಣ್ಣಿನ ಡಾಕ್ಟರು, ಪಕ್ಕದ ನೋಟ ಕಡಿಮೆಯಾಗುತ್ತಿದೆ, ಇನ್ನು ಟ್ರಾಫಿಕ್‌ನಲ್ಲಿ ಓಡಿಸಬೇಡಿ ಎಂದರಂತೆ. ಮಗಳು ತಾನು ಓಡಿಸುತ್ತೇನೆಂದು ಕೂತರು. ಮೊದಲ ವಾರವೇ ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ನುಗ್ಗಿ, ಬಸ್ಸಿಗೆ ಕಾಯುತ್ತಿದ್ದವರ ಕಾಲ ಬುಡದಲ್ಲಿ ನಿಂತಿತು. ಅಂದಿನಿಂದ, ಈಗ ಶೆಡ್ಡಿಗೆ ತರಲು ಕೊಟ್ಟದ್ದು ಬಿಟ್ಟರೆ, ಕೀ ಯಜಮಾನರ ಜೇಬು ಬಿಟ್ಟಿಲ್ಲ. ಬೇರೆ ಕಾರು ಅವರು ಹತ್ತುವುದಿಲ್ಲ. ಬೆಳಗಿನ ಸುತ್ತು ನಿಂತಿದೆ.

“ಅತ್ತು ವರ್ಷದಿಂದ ಕಾರು ಓಡಿಸ್ತಾವಳೆ, ನಿಜ. ಆ ಪ್ಲಾಸ್ಟಿಕ್ ಡಬ್ಬ ಓಡಿಸಿದಂಗಲ್ಲ ಇದು,” ಎಂದರು ಯಜಮಾನರು.

“ಎಡಕ್ಕೆ ಎಳೀತು ಅಂತ ಹೇಳ್ತಿದೀನಲ್ಲಪ್ಪಾ. ನಾನ್ಯಾಕೆ ಜನರ ಮೇಲೆ ತಿರುಗಿಸ್ಲಿ?” ಎಂದರು ಮಗಳು.

ಯಜಮಾನರು ನನ್ನ ಕಡೆ ತಿರುಗಿದರು. “ಇಂಜಿನಿಯರಪ್ಪ, ಒಂದು ಮಾತು. ತಪ್ಪು ಗಾಡಿದೇ ಅಂತ ತೋರ್ಸು, ಕೀ ಇವಳ ಕೈಗೆ ಕೊಡ್ತೀನಿ. ತೋರ್ಸಕ್ಕಾಗಲಿಲ್ವಾ, ಮಾರ್ಬಿಡ್ತೀನಿ. ನನ್ ಕಣ್ ಮುಂದೆ ಇದು ಯಾರನ್ನೂ ಗುದ್ದಬಾರದು.”

ನನಗೆ ಒಳಗೊಳಗೇ ಖುಷಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ವಿರೋಧ ಎರಡೂ ಕಡೆ ನಿಂತು ಪಳಗಿದ ನನಗೆ ಇಷ್ಟು ಸ್ವಚ್ಛವಾದ ವಿಷಯ ಯಾರೂ ಕೊಟ್ಟಿರಲಿಲ್ಲ. ತಪ್ಪು ಗಾಡಿಯದೋ, ಚಾಲಕಿಯದೋ? ಇಬ್ಬರನ್ನೂ ನಂಬಬಾರದು ಎಂದು ಆಗಲೇ ತೀರ್ಮಾನಿಸಿದೆ.

ಶೆಡ್ಡಿನ ಹಿಂದೆ ಹೊಸ ಬಡಾವಣೆ ಇದೆ. ಟಾರು, ದೀಪದ ಕಂಬ ಎಲ್ಲ ಬಂದಿದ್ದರೂ ಮನೆ ಒಂದೂ ಎದ್ದಿಲ್ಲ. ನಮ್ಮ ಪರೀಕ್ಷೆಗಳೆಲ್ಲ ಅಲ್ಲೇ. ಸುಣ್ಣದ ಪುಡಿಯಲ್ಲಿ ಉದ್ದಕ್ಕೆ ಗೆರೆ ಎಳೆದು, ಅದರ ಪಕ್ಕದಲ್ಲೇ ಕಾರು ಓಡಿಸಿ ಬ್ರೇಕ್ ಒತ್ತಿದೆ. ಪೆಡಲ್ ಬಹಳ ಕೆಳಗೆ ಹೋಯಿತು, ಮೂತಿ ಎಡಕ್ಕೆ ತಿರುಗಿತು. ನನ್ನ ಜತೆ ಶೆಡ್ಡು ನಡೆಸುವ ಗೆಳೆಯ ಓಡಿಸಿದ. ಎಡಕ್ಕೇ ಹೋಯಿತು. ಮಗಳು ಓಡಿಸಿದರು, ಮತ್ತೆ ಎಡಕ್ಕೆ.

“ಇಳೀರಿ ಇಳೀರಿ,” ಎಂದು ಯಜಮಾನರು ಪಂಚೆ ಎತ್ತಿ ಕಟ್ಟಿ ಕೂತರು. ಖಾಲಿ ರಸ್ತೆ, ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ನಮ್ಮಷ್ಟೇ ವೇಗದಲ್ಲಿ ಬಂದರು, ಒತ್ತಿದರು. ಕಾರು ಗೆರೆಗೆ ಸಮನಾಗಿ, ದಾರ ಹಿಡಿದಂತೆ ನಿಂತಿತು. ಇನ್ನೊಮ್ಮೆ ಮಾಡಿ ಎಂದೆ. ಇನ್ನೊಮ್ಮೆಯೂ ಹಾಗೇ ನಿಂತಿತು.

“ಏನಪ್ಪಾ, ಈಗೇನಂತೀಯಾ? ನಿಮ್ ಮೂರ್ ಜನಕ್ಕೂ ಇಡಿಯಕ್ಕೆ ಬರಲ್ಲ.”

ಗೆಳೆಯ ನನ್ನ ಕಿವಿಯಲ್ಲಿ, “ಮಗಾ, ಮುದುಕ ಸಿಕ್ಸರ್ ಹೊಡ್ದ ಕಣೋ,” ಎಂದ.

ವಾದದಲ್ಲಿ ಉತ್ತರ ಹೊಳೆಯದಿದ್ದಾಗ ವೇಳೆ ಕೊಳ್ಳುವುದು ಗೊತ್ತಿತ್ತು. “ಬಿಚ್ಚಿ ನೋಡ್ತೀವಿ ಸಾರ್,” ಎಂದೆ. ಪರೀಕ್ಷೆಗೆಂದು ಕೀ ನನ್ನ ಕೈಗಿಟ್ಟು ಹೋದರು.

ಹಳೆಯ ಕಾರಿನ ಪ್ರತಿ ಚಕ್ರದೊಳಗೂ ಒಂದು ಕಬ್ಬಿಣದ ಡ್ರಮ್ಮು, ಅದರೊಳಗೆ ಬಾಗಿದ ಎರಡು ಶೂ, ಶೂಗಳ ಮೈಗೆ ಲೈನಿಂಗ್ ಎಂಬ ಉಜ್ಜುವ ಪಟ್ಟಿ. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಪೈಪುಗಳಲ್ಲಿ ಓಡಿ ಶೂಗಳನ್ನು ಅಗಲಿಸುತ್ತದೆ. ಲೈನಿಂಗ್ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಕಾರು ಎಡಕ್ಕೆ ಎಳೆಯುತ್ತಿದೆ ಎಂದರೆ ಮುಂದಿನ ಎಡಚಕ್ರ ಹೆಚ್ಚು ಹಿಡಿಯುತ್ತಿರಬೇಕು, ಇಲ್ಲವೇ ಬಲಚಕ್ರ ಕಡಿಮೆ ಹಿಡಿಯುತ್ತಿರಬೇಕು. ಹಾಗಿದ್ದರೆ ಎಡಗಡೆಯ ಲೈನಿಂಗ್ ಹೆಚ್ಚು ಸವೆದಿರಬೇಕಲ್ಲ? ಡ್ರಮ್ಮು ಕಳಚಿ ನೋಡಿದರೆ ಹೆಚ್ಚು ಸವೆದದ್ದು ಬಲಗಡೆಯದು!

ಕಡಿಮೆ ಕೆಲಸ ಮಾಡುವ ಚಕ್ರವೇ ಹೆಚ್ಚು ಸವೆಯುವುದು ಹೇಗೆ? ಆ ಪ್ರಶ್ನೆಯನ್ನು ಅಲ್ಲೇ ಹಿಡಿದು ಕೂರಬೇಕಿತ್ತು. ಕೂರಲಿಲ್ಲ. ಹಳೆಯ ಕಾರಲ್ಲವೇ, ಏನೇನೋ ಇರುತ್ತದೆ ಎಂದುಕೊಂಡು ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ಎರಡೂ ಕಡೆ ಹೊಸ ಲೈನಿಂಗ್ ಹಾಕಿಸಿದೆವು. ಶೂಗಳನ್ನು ತಳ್ಳುವ ಪುಟ್ಟ ಸಿಲಿಂಡರುಗಳನ್ನು ಹೊಸದು ಕೂರಿಸಿದೆವು. ಡ್ರಮ್ಮುಗಳನ್ನು ದಾಸರಹಳ್ಳಿಯ ಲೇತ್ ಅಂಗಡಿಗೆ ಒಯ್ದು ಒಳಮೈ ಹೆರೆಸಿ ತಂದೆವು. ಬ್ರೇಕ್ ಪೈಪುಗಳಲ್ಲಿ ಸೇರಿದ್ದ ಗಾಳಿ ತೆಗೆದು, ಗೆರೆಯ ಮೇಲೆ ಓಡಿಸಿ ಒತ್ತಿದೆ.

ಎಡಕ್ಕೇ ಎಳೆಯಿತು.

ಮುಂದಿನ ಟೈರುಗಳನ್ನು ಅದಲುಬದಲು ಮಾಡಿದೆವು. ಸ್ಟಿಯರಿಂಗ್ ಕೀಲುಗಳನ್ನೆಲ್ಲ ಹಿಡಿದು ಅಲ್ಲಾಡಿಸಿದೆವು. ಯಾವುದರಲ್ಲೂ ಸಡಿಲವಿಲ್ಲ. ಎಳೆತ ಮಾತ್ರ ಹೋಗಲಿಲ್ಲ.

ಗೆಳೆಯ ಸ್ಪ್ಯಾನರ್ ಎಸೆದು ಕೂತ. “ಮಗಾ, ತಲೆ ಕೆಡಿಸ್ಕೋಬೇಡ. ಮುಂದೆ ಡಿಸ್ಕ್ ಬ್ರೇಕ್ ಹಾಕ್ಬಿಡಣ. ಹಳೇದೆಲ್ಲಾ ಕಿತ್ತಾಕಿದ್ರೆ ಪ್ರಾಬ್ಲಮ್ಮೂ ಅದ್ರ ಜೊತೇಲೇ ಹೋಗತ್ತೆ.”

“ಏನು ಹೋಯ್ತು ಅಂತ ಗೊತ್ತಾಗ್ದೆ ಹೋದ್ರೆ ಅದು ಹೋದಂಗಾ?”

“ಗುರು, ಇದು ಡಿಬೇಟ್ ಅಲ್ಲ, ಗ್ಯಾರೇಜು.”

“ಯಜಮಾನ್ರು ತಪ್ಪು ತೋರ್ಸು ಅಂದ್ರು. ರಿಪೇರಿ ಮಾಡು ಅಂತ ಎಲ್ಲಂದ್ರು? ಎಲ್ಲಾ ಹೊಸದು ಹಾಕಿದ್ರೆ, ನೋಡು, ಗಾಡೀದು ಏನೂ ಇರ್ಲಿಲ್ಲ, ಸುಮ್ನೆ ಬದಲಾಯಿಸಿದ್ರು ಅಂತಾರೆ. ಕೀ ಅವರ ಜೇಬಲ್ಲೇ ಇರತ್ತೆ.”

ಅವನು ಎದ್ದು ಸ್ಪ್ಯಾನರ್ ಹೆಕ್ಕಿಕೊಂಡ. ಒಪ್ಪಿ ಅಲ್ಲ, ಸಾಕಾಗಿ. ಆದರೆ ಆಡಿದ ಮಾತು ನನ್ನನ್ನೇ ಚುಚ್ಚಿತು. ಇಷ್ಟು ದಿನ ನಾವು ಬಿಚ್ಚಿದ್ದು ಯಾವುದನ್ನು? ಎಳೆಯುವ ಕಾರನ್ನು. ಬಿಚ್ಚದೆ ಬಿಟ್ಟದ್ದು ಯಾವುದನ್ನು? ಎಳೆಯದ, ಯಜಮಾನರ ಆ ಎರಡು ಓಟಗಳನ್ನು. ನನ್ನ ವಾದಕ್ಕೆ ಸೇರದ ಸಾಕ್ಷ್ಯ ಒಂದೇ ಒಂದಿತ್ತು. ಅದನ್ನೇ ನಾನು ಮುಟ್ಟಿರಲಿಲ್ಲ.

ಇನ್ನು ಕಾರನ್ನು ಮುಟ್ಟುವುದು ಬೇಡ, ಚಾಲಕನನ್ನು ನೋಡೋಣ ಎಂದು ನಿಶ್ಚಯಿಸಿದೆ.

ಯಜಮಾನರನ್ನೂ ಮಗಳನ್ನೂ ಕರೆಸಿದೆ. ಸ್ಟಿಯರಿಂಗ್ ನೇರವಾಗಿದ್ದಾಗ ಅದರ ನೆತ್ತಿಗೆ ಬರುವ ಕಡೆ ಹಳದಿ ಟೇಪಿನ ಒಂದು ತುಂಡು ಅಂಟಿಸಿ, ಪಕ್ಕದಲ್ಲಿ ಕೂತು ಫೋನಿನಲ್ಲಿ ವಿಡಿಯೋ ಹಿಡಿದೆ.

“ಏನಪ್ಪಾ, ನನ್ ಮೊಕ ತೆಗಿತಿದ್ದೀಯಾ?”

“ಕೈ ಕಾಲು ಸಾರ್. ಅಷ್ಟೇ.”

ಬರಿಗಣ್ಣಿಗೆ ಏನೂ ಕಾಣಲಿಲ್ಲ. ಶೆಡ್ಡಿಗೆ ಬಂದು ಅವರು ಕೀ ಜೇಬಿಗೆ ಹಾಕಿಕೊಂಡರು, ನಾನು ವಿಡಿಯೋವನ್ನು ನಿಧಾನಗತಿಯಲ್ಲಿ ಓಡಿಸಿದೆ. ಪಾದ ಪೆಡಲ್ ಕಡೆ ಹೊರಡುವ ಮೊದಲೇ ಹಳದಿ ತುಂಡು ಒಂದು ಹೆಬ್ಬೆರಳಿನಷ್ಟು ಬಲಕ್ಕೆ ಸರಿಯಿತು. ಪಾದ ಒಮ್ಮೆ ಮೆಲ್ಲಗೆ, ಮತ್ತೊಮ್ಮೆ ಗಟ್ಟಿಯಾಗಿ ಒತ್ತಿತು. ಕಾರು ನೇರ ನಿಂತಿತು. ಪಾದ ಬಿಟ್ಟು ಮತ್ತೆ ಹೊರಟಾಗ, ಇದನ್ನು ನಾನು ನಿರೀಕ್ಷಿಸಿರಲಿಲ್ಲ, ಹಳದಿ ತುಂಡು ಎಡಕ್ಕೆ ಸರಿದು, ಸ್ವಲ್ಪ ದೂರ ಅಲ್ಲೇ ಇದ್ದು, ಆಮೇಲೆ ಮಧ್ಯಕ್ಕೆ ಬಂತು.

ಇನ್ನೊಮ್ಮೆ ನೋಡಿದೆ. ಮತ್ತೂ ಒಮ್ಮೆ ನೋಡಿದೆ. ಪ್ರತಿ ಬಾರಿಯೂ ಅದೇ ಅಳತೆ, ಅದೇ ಕ್ರಮ.

“ಸಾರ್, ಬ್ರೇಕ್ ಒತ್ತೋ ಮುಂಚೆ ನೀವು ಬಲಕ್ಕೆ ತಿರುಗಿಸ್ತೀರ.”

“ನಾನಾ? ನಾನ್ಯಾಕ್ ತಿರುಗಿಸ್ಲಿ? ನೆಟ್ಟಗೆ ಇಡ್ಕಂಡಿದ್ದೆ.”

ಫೋನು ಅವರ ಕೈಗೆ ಕೊಟ್ಟೆ. ದೃಷ್ಟಿ ನೆಡಲು ಹತ್ತಿರ ದೂರ ಹಿಡಿದು ನೋಡಿದರು. ಪರದೆಯ ಮೇಲೆ ಅವರ ಉಂಗುರದ ಕೈ ಬಲಕ್ಕೆ ಹೋಯಿತು, ಎಡಕ್ಕೆ ಬಂತು. ಅವರು ತಲೆಯೆತ್ತಿ ತಮ್ಮ ಕೈಯನ್ನು ನೋಡಿಕೊಂಡರು, ಮತ್ತೆ ಪರದೆಯನ್ನು.

“ಇದು ನನ್ ಕೈಯಾ?”

“ನಿಂದೇ ಕಣಪ್ಪಾ. ಉಂಗುರ ನೋಡು,” ಎಂದರು ಮಗಳು.

“ತಿರುಗ್ಸು ಅಂತ ನಾನು ಏಳಿಲ್ಲ ಅದುಕ್ಕೆ,” ಎಂದರು ಯಜಮಾನರು. ಯಾರೋ ತಮ್ಮ ಮನೆಯೊಳಗೇ ತಮಗೆ ತಿಳಿಯದಂತೆ ಬಾಡಿಗೆಗೆ ಇದ್ದಾರೆ ಎಂದು ಗೊತ್ತಾದವರ ದನಿ ಅದು.

ನನಗೆ ಈಗ ಹೊಳೆಯಿತು. ಗಾಡಿ ಹದಗೆಟ್ಟದ್ದು ಒಂದೇ ದಿನದಲ್ಲಲ್ಲ. ಅದು ಕೂದಲೆಳೆಯಷ್ಟು ಎಡಕ್ಕೆ ಎಳೆದಾಗ ಇವರ ಕೈ ಕೂದಲೆಳೆಯಷ್ಟು ಬಲಕ್ಕೆ ಹೋಗಿದೆ. ಅದು ಹೆಚ್ಚಾದಂತೆ ಇದೂ ಹೆಚ್ಚಾಗಿದೆ. ಈ ವ್ಯವಹಾರದಲ್ಲಿ ತಲೆಯನ್ನು ಯಾರೂ ಕೇಳಿಯೇ ಇಲ್ಲ. ಬಾಯಿ ಗಾಡಿ ಸರಿಯಿದೆ ಎಂದು ವಾದ ಮಾಡುತ್ತಿದ್ದಷ್ಟು ಕಾಲವೂ ಕೈ ಅದರ ಕಾಯಿಲೆಯನ್ನು ಅಳೆದು ಅಳೆದು ಸರಿದೂಗಿಸುತ್ತಿತ್ತು. ನಾನು ಹುಡುಕುತ್ತಿದ್ದ ವರದಿ ಆ ಕೈಯಲ್ಲೇ ಇತ್ತು: ಒತ್ತಿದಾಗ ಎಡಕ್ಕೆ ಎಳೆತ, ಬಿಟ್ಟಾಗ ಬಲಕ್ಕೆ.

ಬಲಚಕ್ರ ತಡವಾಗಿ ಹಿಡಿಯುತ್ತದೆ, ತಡವಾಗಿ ಬಿಡುತ್ತದೆ! ಬಿಡದೆ ಉಜ್ಜಿಕೊಂಡೇ ಓಡುವುದರಿಂದ ಅದರ ಲೈನಿಂಗ್ ಹೆಚ್ಚು ಸವೆದಿದೆ. ನಾವು ಪಕ್ಕಕ್ಕಿಟ್ಟ ಪ್ರಶ್ನೆ ತಾನಾಗಿ ಬಂದು ತನ್ನ ಜಾಗದಲ್ಲಿ ಕೂತಿತು. ಆಯಿಲ್ ಹೋಗಲೂ ಬರಲೂ ಬಲಗಡೆ ಎಲ್ಲೋ ದಾರಿ ಕಿರಿದಾಗಿದೆ.

ಮುಂಭಾಗವನ್ನು ಜ್ಯಾಕ್ ಮೇಲೆ ಎತ್ತಿದೆವು. ಗೆಳೆಯ ಬ್ರೇಕ್ ಒತ್ತಿ ಬಿಟ್ಟ. ಎಡಚಕ್ರ ಕೈಗೆ ಸಲೀಸಾಗಿ ತಿರುಗಿತು. ಬಲಚಕ್ರ ಅಲುಗಲಿಲ್ಲ. ಛಾಸಿಯ ಕಬ್ಬಿಣದ ಪೈಪಿಗೂ ಚಕ್ರಕ್ಕೂ ನಡುವೆ ಒಂದು ರಬ್ಬರ್ ಹೋಸ್ ಇರುತ್ತದೆ. ಚಕ್ರ ತಿರುಗುವಾಗ ಬಾಗಲಿ ಎಂದು. ಮೊದಲು ಆ ಹೋಸಿನ ಹಿಂದಿನ ತುದಿಯನ್ನು, ಪೈಪಿನ ಕಡೆಯದನ್ನು, ಸಡಿಲಿಸಿದೆ. ಚಕ್ರ ಹಿಡಿದೇ ಇತ್ತು. ಹಾಗಾದರೆ ಅಡ್ಡಿ ಅದಕ್ಕಿಂತ ಹಿಂದಿಲ್ಲ. ಆಮೇಲೆ ಚಕ್ರದ ಬಳಿ ಗಾಳಿ ತೆಗೆಯುವ ನಿಪ್ಪಲ್ ತಿರುಗಿಸಿದೆ. ಸಿಕ್ಕಿಕೊಂಡಿದ್ದ ಆಯಿಲ್ ಚಿಮ್ಮಿತು, ಚಕ್ರ ಹಗುರವಾಗಿ ತಿರುಗಿತು.

ನಡುವೆ ಉಳಿದದ್ದು ಹೋಸ್ ಒಂದೇ. ಹೊರಗಿನಿಂದ ಒಂದು ಬಿರುಕೂ ಇಲ್ಲದೆ ಹೊಸದರಂತೆ ಇತ್ತು, ಅದಕ್ಕೇ ಇಬ್ಬರೂ ಅದನ್ನು ಒರೆಸಿ ಮತ್ತೆ ಹಾಕಿದ್ದೆವು. ಕೆಟ್ಟದ್ದು ಕೆಟ್ಟದ್ದರಂತೆ ಕಾಣಬೇಕು ಎಂಬ ನಂಬಿಕೆ, ಯಾವುದನ್ನೂ ನಂಬುವುದಿಲ್ಲ ಎನ್ನುವ ನನ್ನಲ್ಲೂ ಇತ್ತು ಅನ್ನಿ. ಉದ್ದಕ್ಕೆ ಸೀಳಿದೆ. ಒಳಗೆ ರಬ್ಬರ್ ಊದಿ, ಗಂಟಲು ಕಟ್ಟಿದಂತೆ ಆಗಿತ್ತು. ಉಳಿದ ದಾರಿಯಲ್ಲಿ ಹೊಲಿಗೆಯ ಸೂಜಿ ಹೋದರೆ ಹೆಚ್ಚು.

ಯಜಮಾನರು ಆ ಸೀಳನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. “ಸರಿ ಕಣಪ್ಪ. ಗಾಡೀದೇ ತಪ್ಪು,” ಎಂದರು. ಕೈ ಮಾತ್ರ ಜೇಬಿನ ಕಡೆ ಹೋಗಲಿಲ್ಲ.

“ಕೀ?” ಎಂದರು ಮಗಳು.

“ರಿಪೇರಿ ಆಗ್ಲಿ. ಓಡಿಸಿ ನೋಡಿ ಕೊಡ್ತೀನಿ.”

ಹೋಸ್ ಒಂದನ್ನೇ ಬದಲಾಯಿಸಿದರೂ ಎಳೆತ ಹೋಗುತ್ತಿತ್ತು. ಅಷ್ಟಕ್ಕೇ ಬಿಡಬಹುದೇ? ಈ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಆಯಿಲ್ಲಿಗೆ ಒಂದೇ ದಾರಿ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕಕ್ಕೂ ಬ್ರೇಕ್ ಇಲ್ಲ. ಏರ್‌ಪೋರ್ಟ್ ರಸ್ತೆಯಲ್ಲಿ ಮುಂದಿನ ಕಾರು ಗಕ್ಕನೆ ನಿಂತರೆ ಇದು ಅದರ ಡಿಕ್ಕಿಯೊಳಗೆ. ಇದನ್ನೆಲ್ಲ ಹೇಳಿ, ಇದೇ ಕಾರಿನ ಕೊನೆಯ ಮಾದರಿಗಳಲ್ಲಿದ್ದ ಡಿಸ್ಕ್‌ಗಳನ್ನು ಮುಂದಕ್ಕೆ ಹಾಕಿ, ಮುಂದಿನ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ದಾರಿಯಲ್ಲಿ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರನ್ನೂ, ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರನ್ನೂ ಕೂರಿಸೋಣ ಎಂದೆ.

“ನಮ್ಮಪ್ಪ ತಂದಿದ್ ಗಾಡಿ. ಅದರ ಒಟ್ಟೆ ಎಲ್ಲಾ ಬಗೀತೀಯ?”

“ನಿಮ್ಮಪ್ಪ ತಂದಾಗ ಹೆಬ್ಬಾಳದಲ್ಲಿ ಫ್ಲೈಓವರ್ ಇತ್ತಾ ಸಾರ್?”

ಅವರು ಮಗಳ ಕಡೆ ನೋಡಿದರು. “ಇವನು ಬಾಯ್ ಬಿಟ್ರೆ ಕೋರ್ಟಿಗೋದಂಗೆ ಆಯ್ತದೆ,” ಎಂದು ಗೊಣಗಿ ಒಪ್ಪಿದರು. ಒಂದೇ ಷರತ್ತು: ಹೊರಗಿನಿಂದ ಏನೂ ಬೇರೆ ಕಾಣಬಾರದು, ಚಕ್ರದ ನಡುಭಾಗ ಮುಚ್ಚುವ ಹಳೆಯ ಬಟ್ಟಲುಗಳು ಹಾಗೇ ಇರಬೇಕು.

ಆ ಷರತ್ತೇ ನಮ್ಮನ್ನು ಸುಸ್ತು ಮಾಡಿತು. ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರ್ ಹಳೆಯ ರಿಮ್ಮಿನ ಒಳಮೈಗೆ ತಗುಲುತ್ತಿತ್ತು. ತಿರುಗಿಸಿದರೆ ಕಿರ್ರ್ ಎಂಬ ಸದ್ದು. ಕ್ಯಾಲಿಪರಿನ ಮೂಲೆ ಸ್ವಲ್ಪ ತಿಕ್ಕಿಬಿಡೋಣ ಎಂದ ಗೆಳೆಯ. ಹಿಡಿಯುವ ಕೈಯನ್ನೇ ತೆಳುವಾಗಿಸುವುದು ಬೇಡ ಎಂದೆ. ಕೊನೆಗೆ ಕೊನೆಯ ಮಾದರಿಯ ರಿಮ್ಮುಗಳನ್ನೇ ಹುಡುಕಿ ತಂದು, ಹಳೆಯ ಬಟ್ಟಲು ನಿಲ್ಲಲು ಅವಕ್ಕೆ ಚಿಕ್ಕ ಕೊಕ್ಕೆಗಳನ್ನು ಬೆಸೆಸಿದೆವು. ಕಬ್ಬಿಣದ ಪೈಪುಗಳನ್ನೆಲ್ಲ ಹೊಸದಾಗಿ ಬಾಗಿಸಿ, ತುದಿಗಳನ್ನು ಮಡಿಚಿ ಕೂರಿಸಿದೆವು.

ಗಾಳಿ ತೆಗೆಯುವ ದಿನ ಪೆಡಲ್ ಒತ್ತಲು ಮಗಳೇ ಕೂತರು. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು. ನಾನು ಕೆಳಗಿನಿಂದ “ಒತ್ತಿ, ಹಿಡ್ಕೊಳ್ಳಿ, ಬಿಡಿ” ಎನ್ನುವುದು, ಅವರು ಮೇಲಿನಿಂದ “ಹಿಡ್ದೆ, ಬಿಟ್ಟೆ” ಎನ್ನುವುದು. ಪಾರದರ್ಶಕ ನಳಿಕೆಯಲ್ಲಿ ಗುಳ್ಳೆಗಳು ಮೊದಲು ಸಾಲಾಗಿ, ಆಮೇಲೆ ಒಂದೊಂದಾಗಿ ಬಂದು, ನಿಂತವು. ಕೊನೆಯ ಚಕ್ರದಲ್ಲಿ ಕೊನೆಯ ಗುಳ್ಳೆ ಹೋದಾಗ ಮೇಲಿನಿಂದ ಬೇರೆ ದನಿ ಬಂತು.

“ಅಯ್ಯೋ! ಇದೇನು, ಕಲ್ಲಿನ ಮೇಲೆ ಕಾಲಿಟ್ಟಂಗಿದೆ! ಆಗಲೇ ಮೆತ್ತಗೆ ಹೂತೋಗ್ತಿತ್ತು.”

ಬರೀ ಗಾಳಿ ಹೋಗಿದ್ದು. ನಾನು ಎಷ್ಟು ಸಲ ಮಾಡಿದ್ದರೂ ನನಗಿದು ಹಳೆಯದಾಗುವುದಿಲ್ಲ. ಒಂದು ಚೊಂಬಿನಷ್ಟೂ ಇಲ್ಲದ ಆಯಿಲ್, ಅದರಲ್ಲಿ ಒಂದು ಗುಳ್ಳೆಯೂ ಇರಬಾರದು, ಅಷ್ಟೇ ನಿಯಮ. ಆ ನಿಯಮ ಪಾಲಿಸಿದರೆ ಒಂದು ಟನ್ನಿಗೂ ಮಿಕ್ಕ ಕಬ್ಬಿಣ ಮನುಷ್ಯರ ಅಂಗಾಲಿನ ಮಾತು ಕೇಳುತ್ತದೆ. ಇದರ ವಿರುದ್ಧ ವಾದಿಸಲು ನನಗೆ ಇವತ್ತಿನವರೆಗೂ ಏನೂ ಸಿಕ್ಕಿಲ್ಲ.

ಬೆಳಿಗ್ಗೆ ಸುಣ್ಣದ ಗೆರೆಯನ್ನು ಹೊಸದಾಗಿ ಎಳೆದೆವು. ನಾನು ಓಡಿಸಿ, ಸ್ಟಿಯರಿಂಗ್‌ನಿಂದ ಕೈ ಎತ್ತಿ ಬ್ರೇಕ್ ಒತ್ತಿದೆ. ಕಾರು ನೇರ ನಿಂತಿತು. ಮಗಳು ಓಡಿಸಿದರು. ಗೆರೆಗೆ ಸಮನಾಗಿ, ಮೂಗು ಸ್ವಲ್ಪ ತಗ್ಗಿಸಿ, ಸದ್ದಿಲ್ಲದೆ ನಿಂತಿತು. ಅವರು ಇಳಿಯದೆ ಒಂದು ಕ್ಷಣ ಸ್ಟಿಯರಿಂಗ್ ಮೇಲೆ ಹಣೆಯಿಟ್ಟುಕೊಂಡರು.

“ಈಗ ನಾನು,” ಎಂದರು ಯಜಮಾನರು.

ಮೊದಲಿನಷ್ಟೇ ವೇಗದಲ್ಲಿ ಬಂದರು. ಗುರುತಿನ ಬಳಿ ಒತ್ತಿದರು. ಕಾರು ಗಕ್ಕೆಂದು ಬಲಕ್ಕೆ ತಿರುಗಿ, ಗೆರೆ ದಾಟಿ, ಸುಣ್ಣ ತುಳಿದು, ರಸ್ತೆಗೆ ಓರೆಯಾಗಿ ನಿಂತಿತು. ಮಣ್ಣಿನಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು.

“ಏನ್ ಮಾಡಿದ್ರೋ ನನ್ ಗಾಡಿಗೆ? ಬಲಕ್ ಎಳೀತದೆ!”

ಗೆಳೆಯ ಬಾಯಿ ತೆರೆದ. ನಾನು ಅವನ ತೋಳು ಹಿಡಿದೆ. ಎದುರಾಳಿಯ ಮಾತಿಗೆ ಮರುಮಾತು ಕೊಡದೆ ನಾನು ನಿಂತದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ.

ಮಗಳು ಕಿಟಕಿಯ ಬಳಿ ಹೋದರು. ಸ್ಟಿಯರಿಂಗ್ ಮೇಲಿನ ಹಳದಿ ಟೇಪನ್ನು ನಾವು ಕಿತ್ತಿರಲಿಲ್ಲ. ಯಜಮಾನರು ಬೈಯುತ್ತಾ ಬೈಯುತ್ತಾ ಅದನ್ನು ನೋಡಿದರು. ಅದು ನೆತ್ತಿಯಲ್ಲಿರಲಿಲ್ಲ. ಬಲಕ್ಕೆ ಇಳಿದಿತ್ತು, ಅದರ ಪಕ್ಕದಲ್ಲೇ ಉಂಗುರದ ಕೈ. ಅವರು ಕೈಯನ್ನು ಥಟ್ಟನೆ ಸ್ಟಿಯರಿಂಗ್‌ನಿಂದ ತೆಗೆದರು, ಬಿಸಿಯಾದದ್ದನ್ನು ಮುಟ್ಟಿದವರಂತೆ.

“ಅಂಗಾದ್ರೆ ಇಷ್ಟ್ ದಿನ…” ಎಂದರು.

ಇಳಿದರು. ಮೂತಿಯ ಮುಂದಿನಿಂದ ಸುತ್ತು ಹಾಕಿ ಎಡಗಡೆಯ ಬಾಗಿಲು ತೆಗೆದು ಕೂತರು. ಕೀ ಗಾಡಿಯಲ್ಲೇ ಇತ್ತು. “ಕೂತ್ಕೋ ಬಾ. ತಿಂಡಿಗೆ ಒತ್ತಾಯ್ತು. ಅಂಗೇ ಬಾವಿ ಕಡೆಯಿಂದ ಓಗಣ,” ಎಂದರು ಮಗಳಿಗೆ.

ರಸ್ತೆಯಲ್ಲಿ ಹೇಗೆ ಹಿಡಿಯುತ್ತದೆ ನೋಡಲೆಂದು ನಾನೂ ಹಿಂದಿನ ಸೀಟಿಗೆ ಹತ್ತಿ, ಮುಂದಕ್ಕೆ ಬಾಗಿ ಕೂತೆ. ಸರ್ವಿಸ್ ರಸ್ತೆಗೆ ಇಳಿದೆವು. ಯಲಹಂಕದ ಮೊದಲ ಸಿಗ್ನಲ್ ಕೆಂಪಾಯಿತು. ಮಗಳು ಇನ್ನೂ ಬ್ರೇಕ್ ಕಡೆ ಕಾಲು ತಂದಿರಲಿಲ್ಲ. ಅಷ್ಟರಲ್ಲೇ, ಪಂಚೆಯ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದ ಯಜಮಾನರ ಎರಡೂ ಕೈ ಒಟ್ಟಿಗೆ, ಒಂದು ಹೆಬ್ಬೆರಳಿನಷ್ಟು, ಬಲಕ್ಕೆ ಸರಿದವು. ಬಲಪಾದ ಒಮ್ಮೆ ಮೆಲ್ಲಗೆ, ಮತ್ತೊಮ್ಮೆ ಗಟ್ಟಿಯಾಗಿ ನೆಲ ಒತ್ತಿತು. ಕಾರು ನೇರ ನಿಂತಿತು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಹಸಿರು ಬಂತು. ಕೈಗಳು ಎಡಕ್ಕೆ ಸರಿದು, ಸ್ವಲ್ಪ ದೂರ ಅಲ್ಲೇ ಇದ್ದು, ಮೆಲ್ಲಗೆ ಮಧ್ಯಕ್ಕೆ ಬಂದವು.